ಗೋಡೆ ಮುಟ್ಟುವ ಕೈ

ಕೇಳುಗರಿಗೆ ನಮಸ್ಕಾರ.

ಈಜುಕೊಳದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ, ಮೊಣಕೈಯಿಂದ ಕೆಳಗೆ ಬಲಗೈ ಇಲ್ಲದ ಹುಡುಗನೊಬ್ಬ ನನ್ನ ಬಳಿ ತರಬೇತಿಗೆ ಬಂದ. ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ: "ಅವಸರ ಬೇಡ, ಕೈ ಉದ್ದಕ್ಕೆ ಚಾಚು, ಪೂರ್ತಿ ಎಳೆ, ಆಮೇಲೆ ಜಾರಿಕೊಂಡು ಹೋಗು." ಅವನು ಹಾಗೆಯೇ ಮಾಡಿದ. ಎಡಗೈ ಎಳೆದಾಗ ಮುಂದಕ್ಕೆ ನುಗ್ಗುತ್ತಿದ್ದ. ಬಲತೋಳಿನ ಸರದಿ ಬಂದಾಗ ನಿಂತೇಬಿಟ್ಟನೇನೋ ಎನ್ನಿಸುತ್ತಿತ್ತು. ದೇಹ ಬಲಕ್ಕೆ ತಿರುಗಿ ಭುಜ ಲೇನ್ ಹಗ್ಗಕ್ಕೆ ಉಜ್ಜುತ್ತಿತ್ತು. ನೀರಿನಿಂದ ಮೇಲೆ ಬಂದಾಗ ಅಲ್ಲಿ ಚರ್ಮ ಕೆಂಪಾಗಿರುತ್ತಿತ್ತು. ತಪ್ಪು ಅವನದಲ್ಲ, ನನ್ನ ಪಾಠದ್ದು. ಎರಡು ಕೈಗಳಿರುವವರಿಗಾಗಿ ಹೊಲಿದ ಅಂಗಿಯನ್ನು ಅವನಿಗೆ ತೊಡಿಸಲು ಹೊರಟಿದ್ದೆ.

ಈಜಿನ ವೇಗಕ್ಕೆ ಒಂದು ಸರಳ ಲೆಕ್ಕವಿದೆ. ಎರಡೂ ಕೈ ಒಂದು ಸುತ್ತು ಬಂದಾಗ ಎಷ್ಟು ದೂರ ಸಾಗುತ್ತೇವೆ, ನಿಮಿಷಕ್ಕೆ ಅಂಥ ಎಷ್ಟು ಸುತ್ತು ಹಾಕುತ್ತೇವೆ ಎಂಬ ಎರಡರ ಗುಣಲಬ್ಧವೇ ವೇಗ. ಸುತ್ತಿಗೆ ಒಂದೂವರೆ ಮೀಟರಿನಂತೆ ನಿಮಿಷಕ್ಕೆ 50 ಸುತ್ತು ಹಾಕಿದರೆ 100 ಮೀಟರ್ ಮುಗಿಸಲು 80 ಸೆಕೆಂಡ್ ಬೇಕು. ಸುತ್ತಿನ ದೂರ 1.4 ಮೀಟರಿಗೆ ಇಳಿದರೂ ನಿಮಿಷಕ್ಕೆ 56 ಸುತ್ತು ಬಂದರೆ ಅದೇ ದೂರಕ್ಕೆ ಸುಮಾರು 76.5 ಸೆಕೆಂಡ್ ಸಾಕು. ನಾನು ಹುಡುಗನಿಂದ ಕಸಿದುಕೊಂಡದ್ದು ಈ ಎರಡನೆಯ ದಾರಿಯನ್ನು.

ಅದು ಅವನಿಗೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಹೊರಗಿನ ಬಳೆ ಎಷ್ಟೋ ದೂರ ಓಡಿರುತ್ತದೆ, ನಟ್ಟನಡುವಿನ ಗುಂಬದ ಬಳಿ ಕಡ್ಡಿ ಸ್ವಲ್ಪವೇ ಸರಿದಿರುತ್ತದೆ. ಭುಜವೇ ಗುಂಬ ಎಂದುಕೊಂಡರೆ ಅಂಗೈ ಆ ಬಳೆ. ಮೊಣಕೈಗೇ ಮುಗಿಯುವ ತೋಳು ನಡುವಿನ ಕಡ್ಡಿ. ಮುಂದಕ್ಕೆ ಸಾಗುತ್ತಿರುವ ದೇಹಕ್ಕಿಂತ ಹೆಚ್ಚಿನ ವೇಗದಲ್ಲಿ ಆ ತೋಳಿನ ತುದಿ ಹಿಂದಕ್ಕೆ ಚಲಿಸಿದರೆ ಮಾತ್ರ ಅದು ನೀರನ್ನು ತಳ್ಳುತ್ತದೆ. ನಿಧಾನವಾದರೆ ಅದೇ ತೋಳು ಬ್ರೇಕ್ ಆಗುತ್ತದೆ. ಆದ್ದರಿಂದ ಮೊಟಕಾದ ತೋಳನ್ನು ಸುಮ್ಮನೆ ಚಾಚಿ ಇಡಬಾರದು, ಚುರುಕಾಗಿ ಹಿಂದಕ್ಕೆ ಬೀಸಬೇಕು.

ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 13 ಈಜುಗಾರರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಅವರಲ್ಲಿ ಹೆಚ್ಚು ವೇಗದವರನ್ನು ಉಳಿದವರಿಂದ ಬೇರ್ಪಡಿಸಿದ್ದು ಕೈಬೀಸಿನ ಉದ್ದಕ್ಕಿಂತ ಹೆಚ್ಚಾಗಿ ಅದರ ಚುರುಕು. ಇದನ್ನು ಓದಿದ ದಿನ ನನಗೆ ಆ ಹುಡುಗನ ಕೆಂಪಾದ ಭುಜ ನೆನಪಾಯಿತು.

ಪ್ಯಾರಾ ಈಜಿನಲ್ಲಿ ದೈಹಿಕ ಊನವಿರುವವರಿಗೆ ಎಸ್1ರಿಂದ ಎಸ್10ರವರೆಗೆ ಹತ್ತು ವರ್ಗಗಳಿವೆ. ಅಂಕಿ ಚಿಕ್ಕದಾದಷ್ಟೂ ಊನ ತೀವ್ರ. ಬ್ರೆಸ್ಟ್‌ಸ್ಟ್ರೋಕ್‌ಗೆ ಬೇರೆ ವರ್ಗೀಕರಣ, ಏಕೆಂದರೆ ಆ ಶೈಲಿಯಲ್ಲಿ ಕಾಲಿನ ಒದೆತದ ಪಾಲು ತುಂಬ ದೊಡ್ಡದು. ಕೃತಕ ಕೈಕಾಲು ಧರಿಸಿ ಸ್ಪರ್ಧೆಗೆ ಇಳಿಯುವಂತಿಲ್ಲ. ನೀರಿನೊಳಗೆ ಇರುವುದು ಅವರ ದೇಹ, ಅದನ್ನು ಅವರು ಅರಿತ ರೀತಿ, ಅಷ್ಟೇ.

ಬೆಂಗಳೂರಿನ ಶರತ್ ಗಾಯಕವಾಡ್ ಆ ಅರಿವನ್ನು ಸಂಪಾದಿಸಿದವರು. ಹುಟ್ಟಿನಿಂದಲೇ ಅವರ ಎಡಗೈ ಪೂರ್ತಿ ಬೆಳೆದಿರಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕ ಗೆದ್ದರು. ಬೆಳ್ಳಿ ಬಂದದ್ದು 200 ಮೀಟರ್ ಮೆಡ್ಲೆಯಲ್ಲಿ. ನಾಲ್ಕೂ ಶೈಲಿಗಳನ್ನು ಒಂದೇ ಓಟದಲ್ಲಿ ಈಜುವ ಸ್ಪರ್ಧೆ ಅದು. ಅಂದರೆ ಅಸಮಾನವಾದ ಎರಡು ತೋಳುಗಳಿಗೆ ನಾಲ್ಕು ಬಗೆಯ ಸಮತೋಲನ ಕಲಿಸಬೇಕು. ಆ ಪದಕದ ಹಿಂದಿನ ದುಡಿಮೆಯನ್ನು ನಾವು ಸಾಕಷ್ಟು ಮಾತನಾಡಲೇ ಇಲ್ಲ ಎಂಬ ಕೊರಗು ನನಗಿದೆ.

ಕಾಲಿಲ್ಲದವರ ಕಷ್ಟ ಬೇರೆ. ಫ್ರೀಸ್ಟೈಲ್‌ನಲ್ಲಿ ಮುನ್ನೂಕುವ ಬಲದ ಬಹುಪಾಲು ಕೈಗಳದ್ದೇ. ಸೊಂಟವನ್ನು ಮೇಲೆ ಹಿಡಿದು, ದೇಹ ಓಲಾಡದಂತೆ ಕಾಯುವುದು ಕಾಲಿನ ಕೆಲಸ. ದಕ್ಷಿಣ ಆಫ್ರಿಕಾದ ನಟಾಲಿ ದು ತೋಯಿ 2001ರಲ್ಲಿ ಅಪಘಾತದಲ್ಲಿ ಎಡಗಾಲು ಕಳೆದುಕೊಂಡರು. ಉಳಿದ ಒಂದೇ ಕಾಲಿನಿಂದ ಸಮತೋಲನ ಕಂಡುಕೊಂಡು, 2008ರ ಬೀಜಿಂಗ್ ಒಲಿಂಪಿಕ್ಸ್‌ನ 10 ಕಿಲೋಮೀಟರ್ ಈಜಿನಲ್ಲಿ 16ನೆಯವರಾಗಿ ಮುಗಿಸಿದರು. ಪ್ಯಾರಾಲಿಂಪಿಕ್ಸ್ ಅಲ್ಲ, ಒಲಿಂಪಿಕ್ಸ್.

ಎರಡೂ ಕೈಗಳಿಲ್ಲದಿದ್ದರೆ? ಚೀನಾದ ಝೆಂಗ್ ತಾವ್ ಬ್ಯಾಕ್‌ಸ್ಟ್ರೋಕ್ ಓಟ, ಅಂದರೆ ಬೆನ್ನ ಮೇಲೆ ಈಜುವ ಓಟ, ಆರಂಭಿಸುವುದನ್ನು ನೋಡಬೇಕು. ಬಾಲ್ಯದಲ್ಲಿ ವಿದ್ಯುತ್ ಆಘಾತದಿಂದ ಕೈ ಕಳೆದುಕೊಂಡವರು ಅವರು. ಬೇರೆಯವರು ಹಿಡಿಕೆಗೆ ಜೋತು ಬೀಳುವ ಹೊತ್ತಿನಲ್ಲಿ ಅವರು ಟವೆಲ್ಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಇನ್ನೊಂದು ತುದಿ ದಡದ ಮೇಲೆ ನಿಂತ ಸಹಾಯಕರ ಕೈಯಲ್ಲಿ. ಪಾದ ಗೋಡೆಗೆ ಊರಿ, ಕತ್ತು ಬಿಗಿದು, ಇಡೀ ದೇಹ ಬಿಲ್ಲಿನಂತೆ ಬಾಗಿರುತ್ತದೆ. ಸದ್ದು ಕೇಳಿದ ಕ್ಷಣ ಹಲ್ಲು ಸಡಿಲಿಸಿ ಹಿಂದಕ್ಕೆ ಚಿಮ್ಮುತ್ತಾರೆ. ಕಡೆಯಲ್ಲಿ ಗೋಡೆ ಮುಟ್ಟುವುದು ತಲೆಯಿಂದ. ಕೈ ಚಾಚಿ ಮುಟ್ಟುವ ಎದುರಾಳಿಗಿಂತ ಒಂದು ತೋಳಿನಷ್ಟು ಹೆಚ್ಚು ದೂರವನ್ನು ಅವರು ಈಜಲೇಬೇಕು. ಹಾಗಿದ್ದೂ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು.

ಆ ಒಂದು ತೋಳಿನ ದೂರ ನನ್ನ ಹುಡುಗನ ಲೆಕ್ಕಕ್ಕೂ ಬಂತು. ಕೈಬೀಸು ಚುರುಕಾಯಿತು, ಭುಜ ಹಗ್ಗ ಬಿಟ್ಟು ಬಂತು. ಆದರೆ ಮುಕ್ತಾಯದ ಹೊತ್ತಿಗೆ ಕೆಲವೊಮ್ಮೆ ಮೊಟಕು ತೋಳಿನ ಸರದಿಯೇ ಬಂದು, ಗೆಲ್ಲಬೇಕಾದ ಓಟ ಕೈತಪ್ಪುತ್ತಿತ್ತು. ಗೋಡೆಗೆ ಐದು ಮೀಟರ್ ಮೊದಲು ಕೊಳದ ಮೇಲೆ ಅಡ್ಡಲಾಗಿ ಪತಾಕೆಗಳ ಸಾಲು ಕಟ್ಟಿರುತ್ತಾರೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಅವನು ಆ ಪತಾಕೆ ಕಂಡ ಕೂಡಲೇ ಎಣಿಸಲು ಕಲಿತ. ತಿಂಗಳುಗಟ್ಟಲೆ ಬೆಳಗಿನ ಐದೂವರೆಗೆ ಬಂದು, ಆ ಐದು ಮೀಟರನ್ನೇ ಮತ್ತೆ ಮತ್ತೆ ಈಜಿದ. ಒಂದು, ಎರಡು, ಮೂರು, ಆಮೇಲೆ ಎಡಗೈ. ಈಗ ದಡದಲ್ಲಿ ನಿಂತ ನನಗೆ ಕೇಳಿಸುವುದು ಗೋಡೆಯ ಹಲಗೆಗೆ ಅಂಗೈ ಬಡಿದ ಸದ್ದು.

ನಮಸ್ಕಾರ.