ಬಳ್ಳಾರಿ ಉದ್ದನಾ, ಕೊಪ್ಪಳ ಉದ್ದನಾ? ಟಾರ್ಚ್ ಹಿಡಿದು ನೋಡಿದೆವು

ವಿಡಿಯೋದಲ್ಲಿ ಈ ಮಿಣುಕು ನೋಡಿ. ಎದುರು ಮಾಳಿಗೆ ಮೇಲೆ ಟಾರ್ಚ್ ಹಿಡಿದು ನಿಂತವನು ನಮ್ಮ ಚಿಕ್ಕಪ್ಪನ ಮಗ, ಅವನ ಹಿಂದೆ ಕಪ್ಪಗೆ ಕಾಣುತ್ತಿರುವುದು ಬಳ್ಳಾರಿ ಕೋಟೆ ಗುಡ್ಡ. ಕರೆಂಟ್ ಹೋಗಿದೆ. ಸುಮ್ನೆ ಕೂರುವ ಬದಲು ಊರ ಹೆಸರನ್ನು ಮೋರ್ಸ್ ಕೋಡ್‌ನಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೂ ಚುಕ್ಕಿ-ಗೆರೆಗಳ ಗುರುತಿರುವ ಸಂಕೇತದಲ್ಲಿ ಕಳಿಸುತ್ತಿದ್ದೇವೆ: ಚುಕ್ಕಿಗೆ ಟಾರ್ಚ್ ಚೂರು ಹೊತ್ತು, ಗೆರೆಗೆ ಜಾಸ್ತಿ ಹೊತ್ತು.

ಅಂತಾರಾಷ್ಟ್ರೀಯ ಮೋರ್ಸ್ ಪಟ್ಟಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ಅದಕ್ಕೆ ಮೊದಲು ಇಂಗ್ಲಿಷ್ ಸ್ಪೆಲ್ಲಿಂಗ್ ಬರೆದುಕೊಳ್ಳಬೇಕು, ಆಮೇಲೆ ಒಂದೊಂದು ಅಕ್ಷರಕ್ಕೂ ಚುಕ್ಕಿ, ಗೆರೆ ಹಾಕುತ್ತಾ ಹೋಗಬೇಕು. ಬಿ ಅಂದರೆ ಒಂದು ಗೆರೆ, ಮೂರು ಚುಕ್ಕಿ. ಎ ಅಂದರೆ ಒಂದು ಚುಕ್ಕಿ, ಒಂದು ಗೆರೆ. ಇಷ್ಟನ್ನು ಯಾವ ಆ್ಯಪ್ ಆದರೂ ಮಾಡಿಕೊಡುತ್ತೆ ಬಿಡಿ.

ಕಷ್ಟ ಇರುವುದು ನಡುವಿನ ಖಾಲಿ ಹೊತ್ತಿನಲ್ಲಿ. ಶಾಲೆಯಲ್ಲಿ ಪದ್ಯಕ್ಕೆ ಲಘು-ಗುರು ಹಾಕಿ ಮಾತ್ರೆ ಎಣಿಸುತ್ತಿದ್ದೆವಲ್ಲ, ಇದೂ ಹಾಗೇ, ಆದರೆ ಇಲ್ಲಿ ಗೆರೆಗೆ ಮೂರು ಮಾತ್ರೆ, ಚುಕ್ಕಿಗೆ ಒಂದು, ಮತ್ತೆ ಸುಮ್ಮನಿರುವುದಕ್ಕೂ ಲೆಕ್ಕ ಇದೆ: ಒಂದೇ ಅಕ್ಷರದ ಒಳಗೆ ಒಂದು, ಅಕ್ಷರದಿಂದ ಅಕ್ಷರಕ್ಕೆ ಮೂರು, ಪದದಿಂದ ಪದಕ್ಕೆ ಏಳು. ನಮ್ಮ ಹುಡುಗ ಎ ಕಳಿಸುವಾಗ ನಡುವೆ ಸ್ವಲ್ಪ ಜಾಸ್ತಿ ನಿಂತ, ಅದು ಇ, ಟಿ ಅಂತ ಎರಡು ಅಕ್ಷರ ಆಗಿ ಬಂತು. "ಲೇ ತಮ್ಮಾ, ನಡುವೆ ನಿಲ್ಲಬ್ಯಾಡೋ!" ಅಂತ ಕೂಗಿದ್ದು ವಿಡಿಯೋದಲ್ಲೂ ಕೇಳಿಸುತ್ತೆ.

ಈ ಕೋಡ್‌ಗೆ ಯಾರ ಹೆಸರಿದೆಯೋ ಆ ಸ್ಯಾಮ್ಯುಯೆಲ್ ಮೋರ್ಸ್ 1844ರಲ್ಲಿ ಅಮೆರಿಕದ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಮೂಲಕ ಸಂದೇಶ ಕಳಿಸಿದ್ದ. ನಮ್ಮಲ್ಲಿ ತಂತಿ (ಟೆಲಿಗ್ರಾಂ) ಸೇವೆ 2013ರ ಜುಲೈವರೆಗೂ ಇತ್ತು. ತಂತಿ ಬಂತು ಅಂದರೆ ಸಾಕು, ಮನೆಯವರ ಎದೆ ಧಸಕ್ ಅನ್ನುತ್ತಿತ್ತಂತೆ.

ಈಗ ನನಗೆ ಮಜಾ ಕೊಟ್ಟ ವಿಷಯ. ಇಂಗ್ಲಿಷ್‌ನಲ್ಲಿ ಜಾಸ್ತಿ ಬಳಸುವ ಅಕ್ಷರಕ್ಕೆ ಚಿಕ್ಕ ಗುರುತು ಕೊಟ್ಟಿದ್ದಾರೆ, ಇ ಅಂದರೆ ಬರೀ ಒಂದು ಚುಕ್ಕಿ, ಟಿ ಅಂದರೆ ಬರೀ ಒಂದು ಗೆರೆ. ಹಾಗಾಗಿ ಹೆಸರು ಎಷ್ಟು ಉದ್ದ ಅನ್ನುವುದು ಅಕ್ಷರ ಎಣಿಸಿದರೆ ಗೊತ್ತಾಗಲ್ಲ. ಬಳ್ಳಾರಿ ಇಂಗ್ಲಿಷ್‌ನಲ್ಲಿ (Ballari) 7 ಅಕ್ಷರ, 65 ಮಾತ್ರೆ. ಮಾತ್ರೆಗೆ ಕಾಲು ಸೆಕೆಂಡ್ ಹಿಡಿದರೆ ಸುಮಾರು 16 ಸೆಕೆಂಡ್ ಟಾರ್ಚ್ ಒತ್ತಬೇಕು. ರಾಯಚೂರು? ಅದೂ 7 ಅಕ್ಷರ, ಅದೂ 65! ಕೊಪ್ಪಳಕ್ಕೆ ಇರುವುದೇ 6 ಅಕ್ಷರ, ಆದರೆ ಒಂದು ಓ, ಎರಡು ಪಿ ಸೇರಿ 71ಕ್ಕೆ ಎಳೆದುಬಿಡುತ್ತವೆ. ಕೊಪ್ಪಳದವರೇ, ಬೆರಳು ನೋಯುತ್ತೆ, ಹುಷಾರು.

ಹೊಸಪೇಟೆಯವರು ಜಂಬ ಪಡಬೇಡಿ, ನಿಮ್ಮದು 8 ಅಕ್ಷರ ನಿಜ, ಆದರೆ ಎರಡು ಇ, ಒಂದು ಟಿ ಇರುವುದರಿಂದ ನಿಮ್ಮದೂ 65ಕ್ಕೇ ನಿಂತಿದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದವರು ಲೆಕ್ಕ ಹಾಕಿ ಕಳಿಸಿ, ಮುಂದಿನ ವಿಡಿಯೋದಲ್ಲಿ ನಿಮ್ಮೂರಿಗೆ ಟಾರ್ಚ್ ಹಾಕೋಣ.