ಮೀಟ್ ಆಗೋಣ ಮಗಾ, ಆದ್ರೆ ಪೋಲ್ ಹಾಕ್ಬೇಡ

ನಮಸ್ಕಾರ ಎಲ್ಲರಿಗೂ. ಇವತ್ತು ಸ್ವಲ್ಪ ತಲೆ ಕೆಟ್ಟಿದೆ, ಅದಕ್ಕೇ ಮೈಕ್ ಆನ್ ಮಾಡ್ಕೊಂಡು ಕೂತಿದೀನಿ. ವಿಷಯ ಏನಪ್ಪಾ ಅಂದ್ರೆ ನಮ್ಮ ಕಾಲೇಜ್ ಗ್ಯಾಂಗು. ವಾಟ್ಸಾಪ್ ಗ್ರೂಪಲ್ಲಿ ಹನ್ನೊಂದು ಜನ ಇದೀವಿ, ಹನ್ನೊಂದೂ ಜನ ಬೆಂಗಳೂರಲ್ಲೇ. ಒಬ್ಬನೂ ಅಮೆರಿಕಕ್ಕೆ ಹೋಗಿಲ್ಲ, ಹೋಗಿದ್ದಿದ್ರೆ ಆ ನೆಪನಾದ್ರೂ ಇರ್ತಿತ್ತು.

ಮೂರು ತಿಂಗಳು ಪೋಲ್ ನಡೀತು. ಶನಿವಾರನಾ ಭಾನುವಾರನಾ, ಊಟಕ್ಕಾ ತಿಂಡಿಗಾ, ಹೆಂಡ್ತಿ ಮಕ್ಳನ್ನ ಕರ್ಕೊಂಡು ಬರೋದಾ ಬೇಡ್ವಾ, ಎಲ್ಲಾದಕ್ಕೂ ಒಂದೊಂದು ಪೋಲು. ಕೊನೆಗೆ ನಂಗೆ ರೇಗೋಯ್ತು. ಶುಕ್ರವಾರ ಬೆಳಗ್ಗೆ ಎಂಟು ಗಂಟೆ, ಗಾಂಧಿ ಬಜಾರು, ವಿದ್ಯಾರ್ಥಿ ಭವನ, ಬರೋರು ಬನ್ನಿ ಅಂತ ಹಾಕ್ದೆ. ಹತ್ತು ಜನ ಹೆಬ್ಬೆರಳು ತೋರ್ಸಿದ್ರು. ಬಂದಿದ್ದು ನನ್ನನ್ನೂ ಸೇರಿ ನಾಲ್ಕು ಜನ. ಹೋಗಿ ನೋಡಿದ್ರೆ ಬಾಗ್ಲು ಹಾಕಿದೆ. ಶುಕ್ರವಾರ ಅಲ್ಲಿ ರಜಾ ಗುರೂ! 1943ರಲ್ಲಿ ಶುರುವಾದ ಹೋಟ್ಲು, ಸುತ್ತಮುತ್ತ ಓದೋ ಹುಡುಗ್ರಿಗೆ ಅಂತಾನೇ ಆ ಹೆಸ್ರು ಬಂದಿದ್ದು, ಆ ಏರಿಯಾದಲ್ಲೇ ಮೂರು ವರ್ಷ ಓದಿದ ನಾವು ನಾಲ್ಕೂ ಜನ ಅದರ ರಜಾ ದಿನಾನೇ ಮರ್ತೋಗಿದೀವಿ. ತಪ್ಪು ಹೋಟ್ಲದ್ದಲ್ಲ, ನಮ್ದೇ. ಬಾಗ್ಲು ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಪಕ್ಕದ ಬೀದೀಲಿದ್ದ ಒಂದು ಸಣ್ಣ ದರ್ಶಿನಿಗೆ ಹೋದ್ವಿ. ಸ್ಟೀಲ್ ಟೇಬಲ್ ಸುತ್ತ ನಿಂತ್ಕೊಂಡ್ವಿ. ಅಲ್ಲಿ ನಂಗೆ ಹೊಳೆದಿದ್ದನ್ನೇ ಇವತ್ತು ಹೇಳೋಕೆ ಹೊರಟಿರೋದು.

ನೋಡಿ, 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಶುರುವಾಯ್ತಲ್ಲ, ಅಲ್ಲಿಂದ ಊರ ತುಂಬಾ ಹಬ್ಬಿದ ಈ ನಿಂತ್ಕೊಂಡು ತಿನ್ನೋ ಹೋಟ್ಲುಗಳ ಲೆಕ್ಕಾಚಾರನೇ ಏನಂದ್ರೆ ಬೇಗ ಬಾ, ಬೇಗ ತಿನ್ನು, ಜಾಗ ಬಿಡು. ಕುರ್ಚಿ ಇಲ್ಲ, ಹರಟೆಗೆ ಅವಕಾಶನೇ ಇರಬಾರ್ದು. ಆದ್ರೆ ನಮ್ಮ ಇಡೀ ಡಿಗ್ರಿ ಹರಟೆ ನಡೆದಿದ್ದು ಅಲ್ಲೇ! ಜೇಬಲ್ಲಿ ಬಸ್ ಪಾಸ್ ಒಂದು, ಚಿಲ್ಲರೆ ಸ್ವಲ್ಪ, ಐದು ಜನಕ್ಕೆ ಮೂರು ಕಾಫಿ. ಬೈಟೂ ಎಲ್ಲರಿಗೂ ಗೊತ್ತು, ನಾವು ತ್ರೀ ಬೈ ಫೈವ್ ಹೇಳಿ ಕ್ಯಾಷಿಯರ್ ಹತ್ರ ಬೈಸ್ಕೊಂಡೋರು. ಕಾಫಿ ಎರಡು ನಿಮಿಷಕ್ಕೆ ಖಾಲಿ, ಮಾತು ಫುಟ್‌ಪಾತಿಗೆ ಶಿಫ್ಟು, ಅಲ್ಲಿಂದ ಬಸ್ ಸ್ಟಾಪಿಗೆ, ಬಸ್ ಬಂದ್ರೂ ನೆಕ್ಸ್ಟ್ ಬಸ್ಸಿಗೆ ಹೋಗ್ತೀನಿ ಬಿಡು ಅಂತ ಇನ್ನೂ ಒಂದು ಗಂಟೆ. ಯಾರೂ ಮೀಟ್ ಆಗೋಣ ಅಂತ ಹೇಳಿದ್ದೇ ನೆನಪಿಲ್ಲ ನಂಗೆ. ಕಡಲೆಕಾಯಿ ಪರಿಷೆಗೂ ಹಾಗೇ, ಕಾರ್ತೀಕದ ಕೊನೆ ಸೋಮವಾರ ಕ್ಲಾಸ್ ಬಿಟ್ಟು ಬುಲ್ ಟೆಂಪಲ್ ರೋಡಲ್ಲಿ ಜನ ತಳ್ಳಿದ ಕಡೆ ಹೋಗೋದು, ಶರ್ಟ್ ಜೇಬಿಗೆ ಕಡಲೆಕಾಯಿ ತುಂಬ್ಕೊಳೋದು. ಈಗ ಸೋಮವಾರ ಅಂದ್ರೆ ಆಫೀಸಿನ ಸ್ಟ್ಯಾಂಡಪ್ ಕಾಲ್ ಇದೆ ಮಗಾ ಅಂತಾರೆ, ಹೆಸರಿಗೆ ನಿಂತ್ಕೊಂಡೇ ಮುಗಿಸೋ ಮೀಟಿಂಗು. ಆ ಸ್ಟ್ಯಾಂಡಪ್ಪಲ್ಲಿ ಎಲ್ಲರೂ ಕೂತೇ ಇರ್ತಾರೆ, ಅದು ಬೇರೆ ಮಾತು.

ಹಾಗಾಗಿ ನನ್ನ ವಾದ ಇಷ್ಟೇ. ನಮ್ಮ ಫ್ರೆಂಡ್‌ಶಿಪ್ಪನ್ನ ಕೆಲ್ಸ ಹಾಳ್ ಮಾಡಿಲ್ಲ, ಮದ್ವೆ ಹಾಳ್ ಮಾಡಿಲ್ಲ, ಪಾಪ ಹೆಂಡ್ತೀರ ಮೇಲೆ ಹಾಕ್ಬೇಡಿ. ಸಿಗೋದನ್ನ ನಾವು ಫಂಕ್ಷನ್ ಮಾಡ್ಕೊಂಡಿದೀವಿ. ಎಲ್ಲರೂ ಬರ್ಬೇಕು, ಜಾಗ ಚೆನ್ನಾಗಿರ್ಬೇಕು, ಅರ್ಧ ದಿನ ಫ್ರೀ ಇರ್ಬೇಕು. ಮೂರೂ ಒಟ್ಟಿಗೆ ಕೂಡಿಬರೋದು ನಿಶ್ಚಿತಾರ್ಥಕ್ಕೆ ಮಾತ್ರ ಸ್ವಾಮಿ.

ಒಂದ್ಸಲ ಕೂಡಿಬಂದಿತ್ತು, ಇಲ್ಲ ಅನ್ನಲ್ಲ. ಒಂದು ಬ್ರೂವರಿಲಿ. ಮ್ಯೂಸಿಕ್ ಎಷ್ಟು ಜೋರು ಅಂದ್ರೆ ಏನೋ? ಏನಿಲ್ಲ ಬಿಡೋ! ಇಷ್ಟೇ ಸಂಭಾಷಣೆ. ಕೊನೆಗೆ ಬಿಲ್ಲು ಸಮಪಾಲು. ನಮ್ಮಲ್ಲೊಬ್ಬ ಕುಡಿಯಲ್ಲ, ಲೈಮ್ ಸೋಡಾ ಒಂದು, ಗೋಬಿ ಎರಡು ತುಂಡು ತಿಂದೋನು, ಅವನೂ ಅಷ್ಟೇ ಕೊಟ್ಟ, ಮಾತಾಡ್ಲಿಲ್ಲ. ಆಮೇಲೆ ಯಾವ ಪೋಲಲ್ಲೂ ಅವನು ವೋಟ್ ಹಾಕಿಲ್ಲ. ಯಾಕೆ ಅಂತ ನಾವೂ ಕೇಳ್ಲಿಲ್ಲ. ಇದು ನಂಗೆ ಈಗ್ಲೂ ಚುಚ್ಚುತ್ತೆ.

ದೂರ ಅಂತೀರಾ? ಒಪ್ಕೋತೀನಿ, ಯಲಹಂಕದೋನು ವಾರದ ದಿನ ಬನಶಂಕರಿಗೆ ಬಾ ಅಂದ್ರೆ ಬೈತಾನೆ, ಸರಿ. ಆದ್ರೆ ಎಲೆಕ್ಟ್ರಾನಿಕ್ ಸಿಟಿ ಡುಮ್ಮ ವರ್ಷಗಟ್ಲೆ ಹೇಳ್ತಿದ್ದಿದ್ದು ಒಂದೇ, ಸಿಲ್ಕ್ ಬೋರ್ಡ್ ದಾಟಿ ಬರೋಕಾಗಲ್ಲ, ಮೆಟ್ರೋ ಬರ್ಲಿ. ಬಂತಪ್ಪ! 2025ರ ಆಗಸ್ಟಲ್ಲಿ ಹಳದಿ ಲೈನು ಬಂತು, ಬೊಮ್ಮಸಂದ್ರದಿಂದ ಆರ್.ವಿ. ರೋಡಿಗೆ, 16 ಸ್ಟೇಷನ್ನು. ಆಗ 25 ನಿಮಿಷಕ್ಕೊಂದು ರೈಲು ಮಗಾ, ಯಾರು ಕಾಯ್ತಾರೆ ಅಂದ. ಲೋ, ನೀನು ಬಸ್ ಸ್ಟಾಪಲ್ಲಿ ಬೇಕಂತಾನೇ ಬಸ್ ಬಿಟ್ಟು ನಿಲ್ತಿದ್ದೋನು ಕಣೋ.

ಹೋದ ಗುರುವಾರ ಪೋಲ್ ಗೀಲ್ ಏನೂ ಹಾಕ್ಲಿಲ್ಲ. ಆಫೀಸಿಂದ ಬರ್ತಾ ಜಯನಗರ ಮೆಟ್ರೋ ಹತ್ರ ಕಾಫಿ ಕುಡೀತಿದೀನಿ, ಅರ್ಧ ಗಂಟೆ ಇರ್ತೀನಿ ಅಂತ ಒಂದೇ ಲೈನ್ ಹಾಕ್ದೆ. ಇಪ್ಪತ್ತು ನಿಮಿಷಕ್ಕೆ ಒಬ್ಬ ಬಂದ, ಹೆಲ್ಮೆಟ್ ಕೈಯಲ್ಲೇ. ಬಂದಿದ್ದು ಯಾರು ಗೊತ್ತಾ, ಆ ಲೈಮ್ ಸೋಡಾ! ಬೈಟೂ ಹೇಳ್ದೆ. ನಂಗೆ ಸಕ್ಕರೆ ಇಲ್ದೇ ಬೇರೆ ಹೇಳು ಅಂದ. ಶುಗರ್ ಅಂತೆ, ಎರಡು ವರ್ಷ ಆಯ್ತಂತೆ. ಎರಡು ವರ್ಷದಿಂದ ದಿನಾ ಬೆಳಗ್ಗೆ ಅದೇ ಗ್ರೂಪಲ್ಲಿ ಅವನ ಗುಡ್ ಮಾರ್ನಿಂಗ್ ಹೂವು ನೋಡ್ತಿದೀನಿ ನಾನು.

ಅರ್ಧ ಗಂಟೆ ಅಂದಿದ್ದು, ಮನೆ ಸೇರಿದಾಗ ಹತ್ತು ಕಾಲು. ಈ ಗುರುವಾರಾನೂ ಅಲ್ಲೇ ಇರ್ತೀನಿ. ಡುಮ್ಮ, ನೀನು ಇದನ್ನ ಕೇಳ್ತಿದ್ರೆ, ಆರ್.ವಿ. ರೋಡಲ್ಲಿ ಇಳಿದು ಹಸಿರು ಲೈನಿಗೆ ಹತ್ಕೋ, ಒಂದೇ ಸ್ಟಾಪು.