ಮಹಾಬಳೇಶ್ವರದ ದುರ್ವಾಸನೆ ಮರ ಕ್ಯಾನ್ಸರ್ ಕೋಶವನ್ನು ಹೇಗೆ ಕೊಲ್ಲುತ್ತದೆ?

(ತೆರೆಯ ಮೇಲೆ: ಮಹಾಬಳೇಶ್ವರದ ಕಾಡು)

ನಮಸ್ಕಾರ. ಪುಣೆಯ ಕನ್ನಡದವರು ರಜೆ ಬಂತೆಂದರೆ ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತಿಂದು ಬರುತ್ತೇವೆ. ಅಲ್ಲಿನ ಕಾಡಿನಲ್ಲಿ ಒಂದು ಚಿಕ್ಕ ಮರ ಇದೆ. ಮರಾಠಿಯಲ್ಲಿ ನರಕ್ಯಾ, ನಮ್ಮಲ್ಲಿ ದುರ್ವಾಸನೆ ಮರ. ಹೂಬಿಟ್ಟಾಗ ಕೆಟ್ಟ ನಾತ. ಅದರಲ್ಲಿರುವ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತು ನಮ್ಮ ಜೀವಕೋಶದ ಒಂದು ಕಿಣ್ವವನ್ನು, ಅಂದರೆ ಎನ್‌ಜೈಮನ್ನು, ಅರ್ಧ ಕೆಲಸದಲ್ಲೇ ಹಿಡಿದು ನಿಲ್ಲಿಸುತ್ತದೆ.

(ತೆರೆಯ ಮೇಲೆ: ಎರಡೆಳೆಯ ಹಗ್ಗ ಬಿಡಿಸುತ್ತಿರುವ ಕೈಗಳು)

ಹುರಿ ಮಾಡಿದ ಹಗ್ಗದ ನಡುವೆ ಬೆರಳು ತೂರಿಸಿ ಎಳೆಗಳನ್ನು ಬಿಡಿಸಿ ನೋಡಿ. ಮುಂದಿನ ಭಾಗ ಬಿಗಿದು ಗಂಟು ಗಂಟಾಗುತ್ತದೆ, ಅಲ್ವಾ? ಹೀಗೇ ಎರಡೆಳೆಯಾಗಿ ಹುರಿಗೊಂಡ ಡಿಎನ್‌ಎಯನ್ನು ಜೀವಕೋಶ ನಕಲು ಮಾಡುವಾಗಲೂ ಇದೇ ತೊಂದರೆ. ಆಗ ಟೋಪೊಐಸೊಮರೇಸ್ 1 ಎಂಬ ಕಿಣ್ವ ಬಂದು ಒಂದು ಎಳೆ ಕತ್ತರಿಸುತ್ತದೆ, ಬಿಗಿ ಸಡಿಲಿಸುತ್ತದೆ, ಮತ್ತೆ ಬೆಸೆಯುತ್ತದೆ.

ಕ್ಯಾಂಪ್ಟೊಥೆಸಿನ್ ಕತ್ತರಿಸಲು ಬಿಡುತ್ತದೆ, ಬೆಸೆಯಲು ಬಿಡುವುದಿಲ್ಲ. ಕತ್ತರಿಸಿದ ಸಂದಿಯಲ್ಲೇ ಹೋಗಿ ಕೂರುತ್ತದೆ. ಅಷ್ಟರಲ್ಲಿ ನಕಲು ಮಾಡುವ ಯಂತ್ರಾಂಗ ಬಂದು ಅಲ್ಲಿ ಡಿಕ್ಕಿ ಹೊಡೆಯುತ್ತದೆ. ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶ ಬೇಗ ಬೇಗ ಬೆಳೆಯುವುದರಿಂದ ಅದಕ್ಕೆ ಈ ಏಟು ಜೋರು. ಕಿಣ್ವವನ್ನು ತಡೆಯುವುದು ಅಂದರೆ ಅದನ್ನು ಸುಮ್ನೆ ಕೂರಿಸುವುದು ಅಂದುಕೊಳ್ಳುತ್ತೇವೆ. ಇಲ್ಲಿ ಆ ಕಿಣ್ವವೇ ಕೋಶಕ್ಕೆ ವಿಷವಾಗುತ್ತದೆ! ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಹಾಗಾದರೆ ಮರ ಯಾಕೆ ಸಾಯಲ್ಲ? ಚೀನಾದಲ್ಲಿ ಇದೇ ವಸ್ತುವನ್ನು ತಯಾರಿಸುವ ಇನ್ನೊಂದು ಮರ ಇದೆ. ಅದರ ಕಿಣ್ವದಲ್ಲಿ ಒಂದು ಅಮೈನೊ ಆಮ್ಲ, ಅಂದರೆ ಕಿಣ್ವ ಕಟ್ಟುವ ಇಟ್ಟಿಗೆಗಳಲ್ಲಿ ಒಂದು, ಬದಲಾಗಿರುವುದನ್ನು 2008ರಲ್ಲಿ ಕಂಡುಕೊಂಡರು. ಅದರಿಂದ ಕ್ಯಾಂಪ್ಟೊಥೆಸಿನ್ ಆ ಕಿಣ್ವವನ್ನು ಹಿಡಿದು ನಿಲ್ಲಿಸಲಾರದು. ಮದ್ದಿಗೆ ಬಗ್ಗದ ಕೆಲವು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ!

(ತೆರೆಯ ಮೇಲೆ: 1966)

ಆ ಚೀನೀ ಮರದಿಂದಲೇ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ, ಓದಿದ್ದು ಮುಂಬೈ ವಿಶ್ವವಿದ್ಯಾಲಯದಲ್ಲಿ. ಮುಂದೆ 1972ರಲ್ಲಿ ನಮ್ಮ ದುರ್ವಾಸನೆ ಮರದಲ್ಲೂ ಅದು ಸಿಕ್ಕಿತು.

ಅದು ನೀರಿನಲ್ಲಿ ಕರಗುವುದೇ ಕಷ್ಟ. ಕರಗಲಿ ಅಂತ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶಕ್ಕೆ ಪೆಟ್ಟು ಬಿತ್ತು, ಪ್ರಯೋಗ ನಿಂತಿತು. 1985ರಲ್ಲಿ ಕಿಣ್ವದ ಗುಟ್ಟು ತಿಳಿದ ಮೇಲೆ ಆಸೆ ಚಿಗುರಿತು. ಅಣುವನ್ನು ತಿದ್ದಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ ಎರಡಕ್ಕೂ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲನೆಯದು ಅಂಡಾಶಯದ ಕ್ಯಾನ್ಸರ್‌ಗೆ, ಎರಡನೆಯದು ದೊಡ್ಡ ಕರುಳಿನದಕ್ಕೆ.

ಪುಣೆಯ ಕಟ್ರಜ್‌ನಲ್ಲಿರುವ, ವಿಜಯಪುರ ಕಡೆಯ ಕಾಕಾ ಒಬ್ಬರು ಕೇಳಿದರು: “ಆ ತೊಗಟಿ ಕುದಿಸಿ ಕುಡದ್ರ ನಡೀತದೇನು ತಮ್ಮಾ?”

ಬೇಡ ಕಾಕಾ, ಖಂಡಿತ ಬೇಡ. ಅದೇ ಕಿಣ್ವ ಒಳ್ಳೆಯ ಕೋಶಗಳಲ್ಲೂ ಇದೆ. ಕರುಳಿನ ಒಳಪದರ, ಮೂಳೆಯ ಮಜ್ಜೆ ಬೇಗ ಬೇಗ ಬೆಳೆಯುವುದರಿಂದ ಅವಕ್ಕೇ ಮೊದಲ ಏಟು. ಇರಿನೊಟೆಕಾನ್ ಕೊಟ್ಟಾಗಲೂ ಜೋರು ಭೇದಿ ಆಗಬಹುದು, ಬಿಳಿ ರಕ್ತಕಣ ಕುಸಿಯಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿಕೊಂಡೇ ಡೋಸ್ ಕೊಡುತ್ತಾರೆ. ಕಷಾಯದಲ್ಲಿ ಎಷ್ಟು ಇಳಿದಿದೆ ಅಂತ ಅಳೆಯುವವರು ಯಾರು?

ಇನ್ನೊಂದು ಮಾತು. ಈ ಮದ್ದಿಗಾಗಿ ಮರಗಳನ್ನು ಬೇರು ಸಮೇತ ಕಿತ್ತು ಸಾಗಿಸಿ, ಸಹ್ಯಾದ್ರಿಯಲ್ಲಿ ಇವು ತುಂಬಾ ಕಡಿಮೆಯಾಗಿವೆ. ಘಾಟಿನಲ್ಲಿ ಯಾರಾದರೂ ನರಕ್ಯಾ ತೊಗಟೆ ಮಾರಲು ಬಂದರೆ, ದಯವಿಟ್ಟು ಕೊಳ್ಳಬೇಡಿ.